ಸ್ಪೇನ್ ದೇಶದಲ್ಲಿ ನನ್ನ ಎಡಗೈ

ಗೇರು ಹಾಕಿ ಗಾಡಿ ಓಡಿಸುವ ವಿದ್ಯೆಯನ್ನು ನಾನು ಕಲಿತದ್ದು ಮೈಸೂರಿನಲ್ಲಿ, ಅಪ್ಪನ ಹಳೆಯ ಫಿಯಟ್ ಕಾರಿನಲ್ಲಿ. ಚಾಮುಂಡಿ ಬೆಟ್ಟವನ್ನು ಒಂದು ಸಲವೂ ಎಂಜಿನ್ ಆರದ ಹಾಗೆ ಹತ್ತಿಸಿದವನು ನಾನು. ಹೀಗಿರುವಾಗ, ಸ್ಪೇನಿನಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಕೊಡುವವರು, ಅಂದರೆ ಹಾಸಿಗೆ, ಒಲೆ, ಸಿಂಕು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಗಾಡಿಯವರು, 'ಆಟೊಮ್ಯಾಟಿಕ್ ಇಲ್ಲ, ಗೇರಿನದು ಪರವಾಗಿಲ್ಲವೇ' ಎಂದು ಫೋನಿನಲ್ಲಿ ವಿಚಾರಿಸಿದಾಗ, ಅಮೆರಿಕದ ಕೆನ್ಮೋರಿನ ನಮ್ಮ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕೆ.

"ಡ್ಯಾಡ್, ಆರ್ ಯೂ ಶ್ಯೂರ್?" ಎಂದಳು ಮಗಳು. ಇಲ್ಲೇ ಹುಟ್ಟಿದವಳು. ಗೇರು ಇರುವುದು ಸೈಕಲ್ಲಿಗೆ ಮಾತ್ರ ಎಂದುಕೊಂಡಿದ್ದಾಳೆ.

ಹೆಂಡತಿ ಶೈಲಾಳ ಚಿಂತೆ ಗೇರಿನದಲ್ಲ, ನನ್ನದು. ಅವಳ ಐವತ್ತನೆಯ ಹುಟ್ಟುಹಬ್ಬದ ಸಂಜೆ ಸ್ಪೇನಿನ ಪಶ್ಚಿಮ ತುದಿಯಲ್ಲಿ, ಲೋಕ ಇಲ್ಲಿಗೆ ಮುಗಿಯಿತು ಎಂದು ಹಿಂದಿನವರು ನಂಬಿದ್ದ ಫಿನಿಸ್ಟೆರೆ ಎಂಬ ಜಾಗದಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಬೇಕು ಎಂಬುದು ಅವಳ ಆಸೆ. ಸೂರ್ಯ ನಮ್ಮ ವಾಷಿಂಗ್ಟನ್ ರಾಜ್ಯದ ಸಮುದ್ರದಲ್ಲೂ ಮುಳುಗುತ್ತಾನೆ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು ಎಂದು ಹೇಳಿ ನೋಡಿದೆ.

"ಅಲ್ಲಿಗೂ ಹೊರಟಿದ್ವಲ್ಲ ರೀ," ಎಂದಳು. "ಒಲೆ ಆರ್ಸಿದೀವೋ ಇಲ್ವೋ ಅಂತ ಟಕೋಮಾದಿಂದ ವಾಪಸ್ ಬಂದ್ವಿ."

ನಿಜ. ಒಲೆ ಆರಿತ್ತು. ಅದಕ್ಕೂ ಹಿಂದೆ ಒಮ್ಮೆ ಪೋರ್ಟ್‌ಲ್ಯಾಂಡಿನ ದಾರಿಯಿಂದ ಗ್ಯಾರೇಜಿನ ಬಾಗಿಲು ನೋಡಲು ಹಿಂತಿರುಗಿದ್ದೆವು. ಬಾಗಿಲು ಮುಚ್ಚಿತ್ತು. ಹೀಗೆ ನಮ್ಮ ದಾಂಪತ್ಯದಲ್ಲಿ ನಾವು ಪೂರ್ತಿಯಾಗಿ ತಲುಪಿದ ಊರುಗಳು ಬಹಳ ಕಡಿಮೆ.

"ಈ ಸಲ ಅರ್ಧ ದಾರೀಲಿ ತಿರುಗಿಸಿದ್ರೆ, ಮುಂದೆ ನಿಮ್ ಜೊತೆ ಕರ್ಕ್‌ಲ್ಯಾಂಡ್‌ಗೂ ಬರಲ್ಲ" ಎಂದು ಅವಳು ಅಂತಿಮ ಎಚ್ಚರಿಕೆ ನೀಡಿದಳು. ಕರ್ಕ್‌ಲ್ಯಾಂಡ್ ಎಂದರೆ ನಮ್ಮ ಪಕ್ಕದೂರು. ತರಕಾರಿಗೆ ಹೋಗುವ ಜಾಗ.

ಮ್ಯಾಡ್ರಿಡ್ ಹೊರವಲಯದ ಅಂಗಳದಲ್ಲಿ ವ್ಯಾನು ನಮ್ಮಿಬ್ಬರಿಗಾಗಿ ಕಾದಿತ್ತು. ಬಿಳಿಯ ಬಣ್ಣ, ಆನೆಯ ಗಾತ್ರ. ಬೀಗದ ಕೈ ಕೊಟ್ಟ ಹುಡುಗಿಗೆ ಚಾಮುಂಡಿ ಬೆಟ್ಟದ ತಿರುವುಗಳ ಬಗ್ಗೆ ಸಂಕ್ಷಿಪ್ತ ಮಾಹಿತಿ ನೀಡಿ, ಸೀಟಿನಲ್ಲಿ ಕುಳಿತು, ಎಂಜಿನ್ ಚಾಲೂ ಮಾಡಿ, ಎಡಗಾಲಿನಿಂದ ಕ್ಲಚ್ ಒತ್ತಿ, ಗಂಭೀರವಾಗಿ ಮೊದಲನೇ ಗೇರು ಹಾಕಿದೆ.

ಕಿಟಕಿಯ ಗಾಜು ಇಳಿಯಿತು.

ಏನಾಯಿತೆಂದು ತಿಳಿಯಲು ನನಗೆ ತುಸು ಸಮಯ ಬೇಕಾಯಿತು. ನಮ್ಮೂರಿನ ಕಾರಿನಲ್ಲಿ ಚಾಲಕ ಬಲಗಡೆ ಕೂರುತ್ತಾನೆ, ಗೇರು ಅವನ ಎಡಗೈಗೆ ಸಿಗುತ್ತದೆ. ಅಮೆರಿಕಕ್ಕೆ ಬಂದ ಮೇಲೆ ಎಡಗಡೆ ಕುಳಿತೆ, ಆದರೆ ಇಲ್ಲಿನದೆಲ್ಲ ಆಟೊಮ್ಯಾಟಿಕ್. ಗೇರು ಬದಲಿಸುವ ಕೆಲಸವೇ ಇಲ್ಲ. ಹೀಗಾಗಿ ಮೈಸೂರಿನ ವಿದ್ಯೆ ಅಷ್ಟೂ ನನ್ನ ಎಡಗೈಯಲ್ಲೇ ಭದ್ರವಾಗಿ ನಿದ್ದೆ ಮಾಡುತ್ತಿತ್ತು. ಸ್ಪೇನಿನಲ್ಲಿ ಅದಕ್ಕೆ ಎಚ್ಚರವಾಗಿ, ಬಾಗಿಲಲ್ಲಿದ್ದ ಕಿಟಕಿಯ ಗುಂಡಿಯನ್ನು ಒತ್ತಿತ್ತು. ಗೇರು ಮಾತ್ರ ಬಲಗಡೆ ಇತ್ತು!

ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಬಲಗೈಯಿಂದ ಪ್ರಯತ್ನಿಸಿದೆ. ನನ್ನ ಬಲಗೈಗೆ ಬರೆಯುವುದು, ತಿನ್ನುವುದು, ನಮಸ್ಕಾರ ಹೊಡೆಯುವುದು ಗೊತ್ತು. ಎರಡನೆಯದು ಎಂದು ತಿಳಿದು ಅದು ನಾಲ್ಕನೆಯದನ್ನು ಹಾಕಿತು. ವ್ಯಾನು ಕೆಮ್ಮಿ, ನಡುಗಿ, ಗೇಟಿನ ನಡುಮಧ್ಯದಲ್ಲಿ ಪ್ರಾಣಬಿಟ್ಟಿತು. ಬೀಗದ ಕೈ ಕೊಟ್ಟ ಹುಡುಗಿ ಎದೆಯ ಮೇಲೆ ಶಿಲುಬೆಯ ಗುರುತು ಬರೆದುಕೊಂಡಳು. ಚಾಮುಂಡಿ ಬೆಟ್ಟದ ಬಗ್ಗೆ ಅವಳು ಏನೂ ಕೇಳಲಿಲ್ಲ.

ಹೇಗೋ ರಸ್ತೆಗೆ ಬಿದ್ದ ನಮಗೆ ಮೊದಲು ಎದುರಾದದ್ದು ಒಂದು ದೊಡ್ಡ ವೃತ್ತ. ಒಳಗೆ ಹೋದೆ. ಹೊರಗೆ ಬರಲು ಗೇರು ಬದಲಿಸಬೇಕು ಎಂಬ ಭಯಕ್ಕೆ ಮೊದಲನೇ ಗೇರಿನಲ್ಲೇ ಸುತ್ತತೊಡಗಿದೆ. ಸುತ್ತಿದೆ, ಇನ್ನೂ ಸುತ್ತಿದೆ. ಅದೂ ಅಪ್ರದಕ್ಷಿಣೆ. ಪುಣ್ಯವೂ ಇಲ್ಲ. ಹಿಂದಿನವರು ಹಾರನ್ ಬಾರಿಸಿದಾಗಲೆಲ್ಲ ನನ್ನ ಎಡಗೈ ಗಾಬರಿಯಿಂದ ಗೇರು ಹುಡುಕಿ ಕಿಟಕಿ ಇಳಿಸುತ್ತಿತ್ತು. ಇದರಿಂದ ಅವರ ಬೈಗುಳ ಇನ್ನೂ ಸ್ಪಷ್ಟವಾಗಿ ಕೇಳಿಸಿತು.

"ಶೈಲಾ, ವ್ಯಾನ್ ವಾಪಸ್ ಕೊಟ್ಟು ರೈಲಲ್ಲಿ ಹೋಗೋಣ್ವಾ?" ಎಂದೆ.

ಅವಳು ಮಾತಾಡಲಿಲ್ಲ. ಕಿಟಕಿಯಾಚೆ ನೋಡಿದಳು. ಆ ಮೌನ ನನಗೆ ಚೆನ್ನಾಗಿ ಪರಿಚಯ. ಟಕೋಮಾದಿಂದ ಮನೆಯವರೆಗೂ ಅದು ನಮ್ಮ ಕಾರಿನಲ್ಲಿ ಕುಳಿತು ಬಂದಿತ್ತು. ಮತ್ತೊಂದು ಸುತ್ತು ಮುಗಿಯುವ ಹೊತ್ತಿಗೆ ಅವಳು ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿಕೊಳ್ಳುವ ಹಾಗೆ ಜಾಕೆಟ್ ಸರಿಮಾಡಿಕೊಂಡು, ತನ್ನ ಎಡಗೈಯನ್ನು ಗೇರಿನ ಮೇಲೆ ಇಟ್ಟಳು.

"ಕ್ಲಚ್ ಒತ್ತಿ."

ಒತ್ತಿದೆ. ಟಕ್ ಎಂದು ಎರಡನೇ ಗೇರು ಬಿತ್ತು. ಬೆಣ್ಣೆಗೆ ಚಮಚ ಹೋದ ಹಾಗೆ! ಸರಸ್ವತಿಪುರಂನ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತವಳು ಅವಳು. ಅವಳ ವಿದ್ಯೆಯೂ ಎಡಗೈಯಲ್ಲೇ ಇತ್ತು, ಆದರೆ ಅವಳು ಕುಳಿತದ್ದು ಬಲಗಡೆ. ಗೇರು ತಾನಾಗಿಯೇ ಅವಳ ಕೈಗೆ ಬಂದಿತ್ತು. ಹಾಗೆ ನಾವು ಆ ವೃತ್ತದಿಂದ ಬಿಡುಗಡೆ ಹೊಂದಿದೆವು.

ಅಂದಿನಿಂದ ಸ್ಪೇನಿನ ಹೆದ್ದಾರಿಗಳಲ್ಲಿ ಒಂದು ವ್ಯಾನನ್ನು ಇಬ್ಬರು ಓಡಿಸಿದರು. ಕಾಲು ನನ್ನದು, ಗೇರು ಅವಳದು, ಚಿಂತೆ ಎಂದಿನಂತೆ ನನ್ನದು. ಕಷ್ಟಗಳೂ ಇದ್ದವು. ಅವಳು ನಿದ್ದೆ ಮಾಡುವ ಹಾಗಿಲ್ಲ. ಎರಡೂ ಕೈ ಹಾಕಿ ಪುಳಿಯೋಗರೆ ಕಲೆಸುವಾಗ ಊರು ಬಂದರೆ ಗೇರಿಗೆಲ್ಲ ಗೊಜ್ಜು. ಎಲ್ಲಕ್ಕಿಂತ ಮಿಗಿಲಾಗಿ, ಜಗಳ ಆಡುವ ಹಾಗಿಲ್ಲ. ಲಿಯೋನ್ ಎಂಬ ಊರಿನ ಬಳಿ, ಭೂಪಟ ನೋಡಲು ಅವಳಿಗೆ ಬರುವುದಿಲ್ಲ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅವಳು ಕೈ ಕಟ್ಟಿ ಕುಳಿತಳು. ನಾನು ಕ್ಷಮೆ ಕೇಳುವವರೆಗೂ ಎರಡನೇ ಗೇರಿನಲ್ಲೇ ಸಾಗಿದೆವು. ಟ್ರಾಕ್ಟರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು.

ಹುಟ್ಟುಹಬ್ಬದ ಸಂಜೆ ಬಂತು. ಫಿನಿಸ್ಟೆರೆಯ ಕೊನೆಯ ಏರು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕೆಳಗೆ ಅಟ್ಲಾಂಟಿಕ್. ಮುಂದಿದ್ದ ಬಸ್ಸು ಅರ್ಧ ಏರಿನಲ್ಲಿ ನಿಂತಿತು. ನಾವೂ ನಿಂತೆವು. ಹಿಂದೆ ಕಾರುಗಳ ಸಾಲು. ಸೂರ್ಯ ಆಗಲೇ ಕೆಂಪಾಗುತ್ತಿದ್ದ. ಸರಿಯಾಗಿ ಆಗಲೇ ನನಗೆ ನೆನಪಾಯಿತು. ಬೆಳಿಗ್ಗೆ ಕಾಫಿ ಮಾಡಿದ ಮೇಲೆ ಒಲೆ?

"ಶೈಲಾ, ಒಲೆ ಆರ್ಸಿದೀವಾ?"

ಅವಳು ನನ್ನ ಕಡೆ ನಿಧಾನವಾಗಿ ತಿರುಗಿದಳು.

"ರೀ, ಒಲೆ ನಮ್ ಜೊತೇಲೇ ಬಂದಿದೆ. ಹಿಂದೇನೇ ಇದೆ. ಎಲ್ಲಿಗೆ ವಾಪಸ್ ಹೋಗ್ತೀರಾ?"

ತಿರುಗಿ ನೋಡಿದೆ. ಒಲೆ ಆರಿತ್ತು. ನನ್ನ ಜೀವಮಾನದಲ್ಲಿ ಮೊದಲ ಸಲ ನನಗೆ ಹಿಂತಿರುಗಲು ಜಾಗವೇ ಉಳಿದಿರಲಿಲ್ಲ!

ಬಸ್ಸು ಹೊರಟಿತು. ಏರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ಜಾರದಂತೆ ಎಬ್ಬಿಸುವುದು ಒಬ್ಬನಿಗೇ ಕಷ್ಟ, ಇನ್ನು ಇಬ್ಬರಿಗೆ ಹೇಗಿರಬೇಡ. ನಾನು ಆಕ್ಸಿಲರೇಟರ್ ಒತ್ತಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟೆ. ಅವಳು ನನ್ನ ಕಾಲನ್ನು ನೋಡುತ್ತಾ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಇಳಿಸಿದಳು. ವ್ಯಾನು ಒಂದು ಕ್ಷಣ ಯೋಚಿಸಿತು. ಆಮೇಲೆ ಮೇಲಕ್ಕೆ ಹೋಯಿತು. ದೀಪಸ್ತಂಭದವರೆಗೂ ಹೋಯಿತು. ಭೂಮಿ ಮುಗಿಯಿತು. ನಾವು ಬಂಡೆಯ ಮೇಲೆ ನಿಂತಾಗ ಸೂರ್ಯನಿನ್ನೂ ನೀರಿನಿಂದ ಒಂದು ಗೇಣು ಮೇಲಿದ್ದ.

ಅವನು ಪೂರ್ತಿ ಮುಳುಗುವವರೆಗೂ ಶೈಲಾ ಮಾತಾಡಲಿಲ್ಲ. ಇದು ಬೇರೆಯ ಮೌನ. ನನಗೆ ಹೊಸದು. ಆಮೇಲೆ, "ಬಂದೇಬಿಟ್ವಲ್ಲ ರೀ" ಎಂದಳು. ನಾನು ಬೇರೆ ಕಡೆ ನೋಡುತ್ತಾ ಕನ್ನಡಕ ಒರೆಸಿಕೊಂಡೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ವಾಪಸ್ ಬಂದ ಮೇಲೆ ಕರ್ಕ್‌ಲ್ಯಾಂಡಿನಲ್ಲಿ ಗೆಳೆಯ ಮಂಜುನಾಥನ ಮನೆಯಲ್ಲಿ ಊಟ. ಶೈಲಾ ಒಳಗೆ ಬಡಿಸುವವರ ಜೊತೆ ಇದ್ದುದರಿಂದ ನಾನು ಹೊರಗೆ ಧೈರ್ಯವಾಗಿ ಪ್ರವಾಸದ ವರದಿ ಒಪ್ಪಿಸಿದೆ. ವೃತ್ತವನ್ನು ಬಿಟ್ಟೆ, ಟ್ರಾಕ್ಟರನ್ನೂ ಬಿಟ್ಟೆ. ಕೊನೆಯ ಏರನ್ನು ಸ್ವಲ್ಪ ಎತ್ತರಿಸಿದೆ. ಎಲ್ಲರೂ ಮೆಚ್ಚಿದರು. ಮಂಜುನಾಥ ಎದ್ದು ಒಂದು ಬೀಗದ ಕೈ ತಂದು ನನ್ನ ಕೈಗಿಟ್ಟ. ಹಳೆಯ ಸ್ಪೋರ್ಟ್ಸ್ ಕಾರು ಕೊಂಡಿದ್ದಾನಂತೆ. ಗೇರಿನದಂತೆ. ಅವನಿಗೆ ಓಡಿಸಲು ಬಾರದಂತೆ.

"ಗುರೂ, ನೀನೇ ಒಂದ್ ರೌಂಡ್ ಹೊಡ್ದು ತೋರ್ಸು."

ಎಲ್ಲರೂ ತಟ್ಟೆ ಹಿಡಿದುಕೊಂಡೇ ಡ್ರೈವ್‌ವೇಗೆ ಬಂದರು. ನಾನು ಕುಳಿತೆ. ಎಂಜಿನ್ ಗುಡುಗಿತು. ಕ್ಲಚ್ ಒತ್ತಿ, ಗಂಭೀರವಾಗಿ ಮೊದಲನೇ ಗೇರು ಹಾಕಿದೆ.

ಕಿಟಕಿಯ ಗಾಜು ಇಳಿಯಿತು.

ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಆ ಕಿಟಕಿಯಿಂದ ತಲೆ ಹೊರಹಾಕಿ, ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದೆ:

"ಶೈಲಾ, ಸ್ವಲ್ಪ ಬರ್ತೀಯಾ?"

ಅವಳು ಸಾರಿನ ಸೌಟು ಹಿಡಿದುಕೊಂಡೇ ಬಂದಳು. ಸೌಟನ್ನು ಮಂಜುನಾಥನ ಕೈಗೆ ಕೊಟ್ಟು, ಬಲಗಡೆಯ ಬಾಗಿಲು ತೆಗೆದು ಕುಳಿತು, ಎಡಗೈಯನ್ನು ಗೇರಿನ ಮೇಲಿಟ್ಟಳು.