ಟ್ಯೂಬು ಕಟ್ಟಿದ ಬೂಟು

ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡ ಮೇಲೆ ಶಂಭುಲಿಂಗಪ್ಪ ಎಡಗೈಯಲ್ಲಿ ಷರ್ಟಿನ ಗುಂಡಿ ಹಾಕಿಕೊಳ್ಳುವುದನ್ನೂ ಗಡ್ಡ ಹೆರೆದುಕೊಳ್ಳುವುದನ್ನೂ ಕಲಿತ. ಬೂಟಿನ ಲೇಸು ಮಾತ್ರ ಅವನಿಗೆ ಜಗ್ಗಲಿಲ್ಲ. ಹಲ್ಲಿನಿಂದಾದರೂ ಕಟ್ಟೋಣವೆಂದರೆ ಹೊಟ್ಟೆ ಅಡ್ಡ ಬರುತ್ತಿತ್ತು.

ಆ ಶುಕ್ರವಾರ ಲೇಸು ಕಟ್ಟಲೇಬೇಕಿತ್ತು. ಅವನು ದುಡಿಯುವ ರಾಜಾಜಿನಗರದ ಬೋಲ್ಟು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಹುದ್ದೆಗೆ ಹತ್ತು ಗಂಟೆಗೆ ಸಂದರ್ಶನ. ಹನ್ನೆರಡು ವರ್ಷ ಕಾದ ಹುದ್ದೆ. ಕಂಪನಿ ಕೊಟ್ಟ ಬೂಟು ಬಿಗಿಯಾಗಿ ಕಟ್ಟಿಲ್ಲದಿದ್ದರೆ ಗೇಟಿನ ಬೈರಯ್ಯ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಹೆಂಡತಿ ಗಿರಿಜಾದೇವಿ ತಮ್ಮನ ಮದುವೆಗೆಂದು ದಾವಣಗೆರೆಗೆ ಹೋಗಿದ್ದಳು.

ಗೋವಿಂದರಾಜನಗರದ ಅವನ ವಠಾರದಲ್ಲಿ ಜನಕ್ಕೇನೂ ಬರವಿರಲಿಲ್ಲ. ಆದರೆ ಮಕ್ಕಳೆಲ್ಲ ಬೇಸಿಗೆ ರಜೆಗೆ ಊರು ಸೇರಿದ್ದವು. ಉಳಿದವರೆಲ್ಲ ಅವನಿಗಿಂತ ಹಿರಿಯರು. ಪಕ್ಕದ ಮನೆಯ ಕಲ್ಯಾಣಮ್ಮ ಲೇಸು ಕಟ್ಟಲು ಬಗ್ಗಿದ್ದೇ ತಡ, ಮನೆ ಓನರ್ ರಾಮಯ್ಯನವರು ತಡೆದರು.

"ದೊಡ್ಡೋರು ಚಿಕ್ಕೋರ ಕಾಲು ಮುಟ್ಟಿದ್ರೆ ಚಿಕ್ಕೋರ ಆಯಸ್ಸು ಕಮ್ಮಿ ಆಗುತ್ತೆ ಕಣಮ್ಮ. ಪಾಪ, ಇವರು ಪ್ರಮೋಷನ್‌ಗೆ ಹೋಗ್ತಾ ಇರೋರು."

ರಾಮಯ್ಯನವರು ಫಿಟ್ಟರಾಗಿ ನಿವೃತ್ತರಾದವರು. ಆರು ತಿಂಗಳಿಂದ ರಿಪೇರಿಗೆ ಏನೂ ಸಿಗದೆ ಸೊರಗಿದ್ದರು. ಶಂಭುಲಿಂಗಪ್ಪ ಬೇಡವೆನ್ನುವಷ್ಟರಲ್ಲಿ ಕತ್ತರಿ ತಂದು ಲೇಸನ್ನು ತುಂಡರಿಸಿದರು. ಅವನದೇ ಸೈಕಲ್ಲಿನ ಟ್ಯೂಬನ್ನು ಎಳೆ ಎಳೆಯಾಗಿ ಸೀಳಿ, ಬೂಟಿನ ತೂತುಗಳಿಗೆ ಪೋಣಿಸಿ, ಒಳಗೇ ಗಂಟು ಹಾಕಿದರು. ಇನ್ನು ಕಟ್ಟುವುದೂ ಇಲ್ಲ, ಬಿಚ್ಚುವುದೂ ಇಲ್ಲ. ಕಾಲು ತೂರಿಸಿದರೆ ಮುಗಿಯಿತು. ಹಿಮ್ಮಡಿ ಜಾರಿಸಲು ಕಲ್ಯಾಣಮ್ಮನ ದೋಸೆ ಮಗುಚುವ ಸಟ್ಟುಗ ಬಂತು. ಶಂಭುಲಿಂಗಪ್ಪ ಎಡಗೈಯಲ್ಲಿ ಅದನ್ನು ಹಿಂದೆ ತೂರಿಸಿ ಒತ್ತಿದ, ಕಾಲು ಸರಕ್ಕನೆ ಒಳಗೆ ಕೂತಿತು. ಅವನಿಗೆ ಆದ ಸಂತೋಷಕ್ಕೆ ಕಣ್ಣು ತುಂಬಿತು.

"ಸಟ್ಟುಗ ನೀವೇ ಇಟ್ಕೊಳಿ, ಇನ್ನು ಅದರಲ್ಲಿ ನಾನು ದೋಸೆ ಹಾಕಲ್ಲ," ಎಂದರು ಕಲ್ಯಾಣಮ್ಮ.

ಅದನ್ನು ಚೀಲದಲ್ಲಿಟ್ಟುಕೊಂಡು ಅವನು ಬಸ್ಸು ಹತ್ತಿದ. ಗೇಟಿನಲ್ಲಿ ಬೈರಯ್ಯ ಬಗ್ಗಿ ನೋಡಿ, ಬೂಟು ಎಳೆದು ನೋಡಿ, ಸಲಾಮು ಹೊಡೆದ.

ಮ್ಯಾನೇಜರ್ ಸೇತುರಾಮ್ ಅವರ ಕೋಣೆಯೊಳಕ್ಕೆ ಶಂಭುಲಿಂಗಪ್ಪ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅಲ್ಲಿ ಶುಕ್ರವಾರ ಪೂಜೆಯೆಂದೂ ಬೂಟು ಹೊರಗೇ ಬಿಡಬೇಕೆಂದೂ ಬಾಗಿಲಲ್ಲಿ ನಿಂತಾಗಲೇ ಗೊತ್ತಾದದ್ದು. ಅವನು ಎಳೆದ, ಒದರಿದ, ಕುಂಟಿದ. ಟ್ಯೂಬು ಮೊಸಳೆಯಂತೆ ಹಿಡಿದಿತ್ತು. ಕೊನೆಗೆ ಹಿಮ್ಮಡಿಯನ್ನು ಹೊಸ್ತಿಲಿಗೆ ಸಿಕ್ಕಿಸಿ ಬಲವೆಲ್ಲ ಹಾಕಿ ಜಗ್ಗಿದ. ಬೂಟು ಕವಣೆ ಕಲ್ಲಿನಂತೆ ಹಾರಿ ಮ್ಯಾನೇಜರ ಮೇಜಿನ ಮೇಲೆ, ಪ್ರಸಾದದ ತಟ್ಟೆಯ ಪಕ್ಕದಲ್ಲಿ ಕೂತಿತು.

ಸೇತುರಾಮ್ ಬೂಟನ್ನು ಎತ್ತಿ ತಿರುಗಿಸಿ ನೋಡಿದರು. ಲೇಸು ಮಾಯ, ರಬ್ಬರು ಪ್ರತ್ಯಕ್ಷ. ಯಾರ ಕೆಲಸ ಇದು ಎಂದು ಕೇಳಿದರು. ಕಂಪನಿಯ ಬೂಟು ಹಾಳು ಮಾಡಿದ್ದಕ್ಕೆ ಹುದ್ದೆಯಿರಲಿ, ಇರುವ ಕೆಲಸವೂ ಹೋಯಿತೆಂದುಕೊಂಡ ಶಂಭುಲಿಂಗಪ್ಪ.

"ನಂದೇನೂ ಇಲ್ಲ ಸಾರ್. ನಾನು ಬೇಡ ಬೇಡ ಅಂದೆ. ಎಲ್ಲಾ ನಮ್ಮ ಮನೆ ಓನರ್ ರಾಮಯ್ಯನೋರು ಮಾಡಿದ್ದು."

ಮ್ಯಾನೇಜರು ತಮ್ಮ ಕೈ ಮುಂದೆ ಚಾಚಿದರು. ವಾತದಿಂದ ಬೆರಳುಗಳು ಸೆಟೆದುಕೊಂಡಿದ್ದವು.

"ಹತ್ತು ವರ್ಷದಿಂದ ನಮ್ಮ ಮನೆಯವರ ಕೈಲಿ ಲೇಸ್ ಕಟ್ಟಿಸ್ಕೊಂಡು ಬೈಸ್ಕೋತಾ ಇದೀನಿ ಕಣ್ರೀ. ಇಂಥ ತಲೆ ಇರೋರೇ ನನಗೆ ಸೂಪರ್‌ವೈಸರ್ ಆಗ್ಬೇಕು. ರಾಮಯ್ಯನೋರನ್ನ ಇವತ್ತೇ ಕಳಿಸಿ. ಎರಡು ಬೂಟೂ ನನ್ನ ಹತ್ರ ಇರ್ಲಿ."

ಸೋಮವಾರ ಬೆಳಿಗ್ಗೆ, ಕೈ ಮುರಿದದ್ದಕ್ಕೆ ಶಂಭುಲಿಂಗಪ್ಪ ಹಾಕಿದ್ದ ರಜೆ ಮುಗಿದಿತ್ತು. ಹೊಸ ಸೂಪರ್‌ವೈಸರ ಜೊತೆಯಲ್ಲೇ ಬಸ್ಸಿಳಿದು ಚಪ್ಪಲಿಯಲ್ಲಿ ಗೇಟಿಗೆ ಬಂದ. ಬೈರಯ್ಯ ಅವನ ಕಾಲು ನೋಡಿ ಕೈ ಅಡ್ಡ ಹಿಡಿದ. ರಾಮಯ್ಯನವರು ತಾವೇ ಟ್ಯೂಬು ಕಟ್ಟಿಕೊಂಡ ಬೂಟಿನಲ್ಲಿ ಸಲೀಸಾಗಿ ಒಳಗೆ ಹೋದವರು ತಿರುಗಿ ಬಂದರು. ಶಂಭುಲಿಂಗಪ್ಪನಿಗೆ ಜೀವ ಬಂತು.

"ರೂಲ್ಸ್ ಅಂದ್ರೆ ರೂಲ್ಸೇ, ಏನ್ ಮಾಡಕ್ಕಾಗುತ್ತೆ. ಇವತ್ತು ಮನೆಗೆ ಹೋಗಿ," ಎಂದು ರಾಮಯ್ಯನವರು ಅವನ ಚೀಲದತ್ತ ಕೈ ನೀಡಿದರು. "ಆ ಸಟ್ಟುಗ ಕೊಟ್ಟೋಗಿ. ಮ್ಯಾನೇಜರ್ ಸಾಹೇಬ್ರು ಕೇಳ್ತಾ ಇದಾರೆ."