ಪೇಟ ಹಿಡಿದ ಮುಳ್ಳುಗಿಡ

ಆಗ ನಾನು ಕೋಲಾರದ ಚಿನ್ನದ ಸೀಮೆಯಲ್ಲಿ, ನಂದಿದುರ್ಗ ಗಣಿಯ ಕಚೇರಿಯಲ್ಲಿ ಗುಮಾಸ್ತ. ಸ್ವದೇಶಕ್ಕೆ ಮರಳಿದ ದೊರೆಯೊಬ್ಬರ ಬಂಗಲೆಯ ಹಳೆ ಸಾಮಾನಿನಲ್ಲಿ ಸಸ್ಯಗಳ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಅಂದಿನಿಂದ ನಾನು ಸಸ್ಯಶಾಸ್ತ್ರಜ್ಞ!

ಒಂದು ಭಾನುವಾರ ಕ್ಯಾಸಂಬಳ್ಳಿ ದಾರಿಯ ಬದುವಿನಲ್ಲಿ ಆ ಗಿಡ ಕಂಡಿತು. ಮೈತುಂಬ ಮುಳ್ಳು, ತುದಿಯಲ್ಲಿ ಚೆಂಡಿನಂಥ ನಸುನೀಲಿ ಹೂವು. ಪುಸ್ತಕ ತೆರೆದೆ. ಥಿಸಲ್! ದೊರೆಗಳ ದೇಶದ ಮುಳ್ಳುಗಿಡ! ಚಿತ್ರದ ಹೂವು ನೇರಳೆ ಬಣ್ಣದ್ದು, ಆಕಾರವೂ ಬೇರೆ. ಇರಲಿ, ನಮ್ಮ ಬಿಸಿಲಿಗೆ ಹಾಗಾಗಿರಬೇಕೆಂದು ತೀರ್ಮಾನಿಸಿದೆ. ಕೋಲಾರದ ಸೀಮೆಯಲ್ಲಿ ಇದನ್ನು ಕಂಡುಹಿಡಿದ ಮೊದಲಿಗ ನಾನೇ!

ಅದೇ ಸಂಜೆ ನನ್ನ ನಾದಿನಿ ಲಲಿತೆಯನ್ನು ನೋಡಲು ಬಂಗಾರಪೇಟೆಯಿಂದ ಗಂಡಿನವರು ಬರುವವರಿದ್ದರು. ಒಳ್ಳೆಯ ಸಂಬಂಧ. ಇದು ತಪ್ಪಿದರೆ ಹೆಂಡತಿ ಸರೋಜ ನನ್ನನ್ನು ಗಣಿಗೇ ಇಳಿಸುತ್ತಿದ್ದಳು. ಅವಳು ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದಾಗ ನಾನು ಪುಸ್ತಕದ ಅಪ್ಪಣೆಯಂತೆ, ಕಿತ್ತು ತಂದಿದ್ದ ಗಿಡವನ್ನು ತಲೆಕೆಳಗಾಗಿ ಒಣಗಲು ಕಟ್ಟಿದೆ. ಗಣಿಯವರಿಗೆ ಸಾಲಾಗಿ ಕಟ್ಟಿಕೊಟ್ಟ ಲೈನಿನ ಮನೆ; ಗಾಳಿಯಾಡುವ ಜಾಗ ಬೀದಿ ಬಾಗಿಲೊಂದೇ. ಅಲ್ಲಿಗೇ ಕಟ್ಟಿದೆ.

ಹುಡುಗನ ತಂದೆ ಎತ್ತರದ ಆಳು, ತಲೆಗೆ ಜರಿಪೇಟ. ಅವರು ಬಾಗಿಲು ದಾಟಿದರು. ಪೇಟ ದಾಟಲಿಲ್ಲ!

"ಇದೇನಿದು! ನಮ್ ಕಣ್ಣು ಬೀಳ್ತದೆ ಅಂತ ಬಾಗ್ಲಿಗೆ ಮುಳ್ಳು ಕಟ್ಟಿದೀರಾ? ನಡೀರಿ ಓಗಾನ, ಇನ್ನೂ ರೈಲು ಸಿಕ್ತದೆ" ಎಂದು ಹುಡುಗನ ತಾಯಿ ಹೊಸ್ತಿಲಲ್ಲೇ ತಿರುಗಿದರು.

ದೃಷ್ಟಿಗೆಂದು ಬಾಗಿಲಿಗೆ ಮುಳ್ಳು ಕಟ್ಟುವುದು ನಮ್ಮ ಕಡೆಯ ವಾಡಿಕೆ. ವಿಜ್ಞಾನದ ಭರದಲ್ಲಿ ನನಗದು ಹೊಳೆದೇ ಇರಲಿಲ್ಲ.

"ದೃಷ್ಟಿಗಲ್ಲ ತಾಯಿ! ಇದು ಥಿಸಲ್! ದೊರೆಗಳ ಗಿಡ!" ಎಂದು ಪುಸ್ತಕ ಹಿಡಿದು ಅಡ್ಡ ನಿಂತೆ.

ಮುಳ್ಳಿನಿಂದ ಪೇಟ ಬಿಡಿಸುತ್ತಿದ್ದ ಹುಡುಗನ ತಂದೆ ನನ್ನನ್ನು ದುರುಗುಟ್ಟಿ ನೋಡಿದರು. "ಯಾವ ದೊರೆ ಸ್ವಾಮಿ? ಬ್ರಹ್ಮದಂಡೆ ಕಣ್ರೀ ಇದು! ನಮ್ ಒಲದಾಗೆ ಕಿತ್ತೂ ಕಿತ್ತೂ ಸಾಕಾಗೋಗೈತೆ!"

ಅಷ್ಟರಲ್ಲಿ ಸರೋಜ ಓಡಿಬಂದಳು. "ದೃಷ್ಟಿಗೇ ಕಣಮ್ಮಾ! ಇಂಥಾ ಸಂಬಂಧ ಬತ್ತಾ ಐತೆ, ಲೈನಿನೋರ ಕಣ್ಣು ನಿಮ್ ಮೇಲೆ ಬೀಳಬಾರ್ದು ಅಂತ ನಾನೇ ಕಟ್ಸಿದ್ದು. ಇವ್ರ ಮಾತು ಬಿಡಿ, ಪುಸ್ತಕ ಓದಿ ಇಂಗಾಗವ್ರೆ!"

ಆ ತಾಯಿ ನನ್ನತ್ತ ಅಪಾರ ಕನಿಕರದಿಂದ ನೋಡಿ, ಒಳಗೆ ಬಂದು ಕೂತರು. ಮದುವೆ ಗೊತ್ತಾಯಿತು!

ಮರುದಿನದಿಂದ ಲೈನಿನಲ್ಲಿ ಹೆಣ್ಣುಮಕ್ಕಳಿದ್ದವರೆಲ್ಲ ನಮ್ಮ ಬಾಗಿಲಿಗೆ. "ಸಾಮಿ, ನಮ್ಮುಡುಗೀಗೂ ಒಂದು ಗಿಡ ತಂದ್ಕೊಡಿ. ನಿಮ್ ಕೈಗುಣ ಚೆನ್ನಾಗೈತೆ!"

ಹೀಗೆ ಸಸ್ಯಶಾಸ್ತ್ರಜ್ಞರು ಪ್ರತಿ ಭಾನುವಾರ ಬದುವಿನಲ್ಲಿ ಬಗ್ಗಿ ಬ್ರಹ್ಮದಂಡೆ ಕೀಳತೊಡಗಿದರು. ಪುಸ್ತಕವೂ ಉಪಯೋಗಕ್ಕೆ ಬಂತು. ಮುಳ್ಳು ಚುಚ್ಚದಂತೆ ಗಿಡ ಹಿಡಿಯಲು ಸರೋಜ ಅದರ ಹಾಳೆ ಹರಿದುಕೊಡುತ್ತಿದ್ದಳು!