ರಾಣಿಯ ಬಾಯಲ್ಲಿ ‘ಖರೇ’

ವಿಜಯನಗರ ಸೋತ ಯುದ್ಧವನ್ನು ಗೆಲ್ಲಿಸಿಕೊಟ್ಟವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಉಣಕಲ್ಲಿನ ನಮ್ಮ ಮನೆಯಲ್ಲಿ, ಊಟದ ಟೇಬಲ್ಲಿನ ಮೇಲಿನ ಉಪ್ಪಿನಕಾಯಿ ಭರಣಿಯನ್ನು ಪಕ್ಕಕ್ಕೆ ಸರಿಸಿ, ಮೂರು ವರ್ಷ ಕೂತು ಗೆಲ್ಲಿಸಿದೆ. ಆ ಗೆಲುವಿನ ಇನ್ನೂರು ವರ್ಷಗಳ ನಂತರ ನಮ್ಮ ಧಾರವಾಡ ಹೇಗಿರುತ್ತಿತ್ತು ಎಂಬುದೇ ನನ್ನ ಕಾದಂಬರಿ. ಅದು ಎಂದೋ ಅಚ್ಚಾಗಿ, ಓದಿಸಿಕೊಂಡು, ಅಂಗಡಿಗಳಿಂದ ಮಾಯವಾಗಿತ್ತು. ಕಳೆದ ವರ್ಷ ಪ್ರಕಾಶಕರು ಫೋನ್ ಮಾಡಿ, “ತಿದ್ದಿ ಕೊಡ್ರಿ ಸರ್, ಮತ್ತೊಮ್ಮೆ ತರೂಣು” ಎಂದರು. ಮರುದಿನ ಬೆಳಿಗ್ಗೆ ಕೆರೆಯ ದಂಡೆಗೆ ವಾಕಿಂಗ್ ಬಂದವರಿಗೆಲ್ಲ ಸುದ್ದಿ ಮುಟ್ಟಿಸಿದೆ. ಒಬ್ಬರಿಗಂತೂ ಕಿವಿಯ ಇಯರ್‌ಫೋನ್ ತೆಗೆಸಿ ಹೇಳಿದೆ.

ಅದೇ ದಂಡೆಯ ಮೇಲೆ ನನ್ನ ಸಾಮ್ರಾಜ್ಯಕ್ಕೆ ಪೆಟ್ಟು ಬಿತ್ತು. ಹೊಡೆದವರು ನನ್ನ ಗೆಳೆಯ, ನಿವೃತ್ತ ಇತಿಹಾಸ ಅಧ್ಯಾಪಕ ಜಾಗೀರದಾರ ಮಾಸ್ತರರು. “ಯುದ್ಧ ಗೆದ್ರಿ, ಛಲೋ ಆತು. ಆದ್ರ ಹಂಪಿ ಬೀಳಲಿಲ್ಲಂದ್ರ ಈ ಕಡೆ ಬಿಜಾಪುರದವರೂ ಆಳಲಿಲ್ಲ, ಪೇಶ್ವೆಯವರೂ ಆಳಲಿಲ್ಲ. ಮತ್ತ ನಿಮ್ಮ ಕಾದಂಬರ್ಯಾಗಿನ ರಾಣಿ ‘ಖರೇ’ ಅನ್ನೂ ಮರಾಠಿ ಮಾತನ್ನ ಯಾರ ಕಡೆ ಕಲತಳ್ರೀ?”

ನಾನು ಮನೆಯ ದಾರಿ ಹಿಡಿದೆ. ಹಾಗೆ ನೋಡಿದರೆ ನನ್ನ ಕಾದಂಬರಿಯಲ್ಲಿ ಅವರ ‘ಜಾಗೀರದಾರ’ ಎಂಬ ಅಡ್ಡಹೆಸರೂ ಉಳಿಯುವುದಿಲ್ಲ. ಆದರೆ ಈ ಉತ್ತರ ಹೊಳೆದದ್ದು ನಮ್ಮ ಮನೆಯ ಗೇಟು ತೆಗೆಯುವಾಗ. ಒಳ್ಳೆಯ ಉತ್ತರಗಳೆಲ್ಲ ನನಗೆ ಗೇಟಿನಲ್ಲೇ ಹೊಳೆಯುತ್ತವೆ.

ಕೆಂಪು ಪೆನ್ನು ಹಿಡಿದು ಕೂತೆ. ‘ಖರೇ’ ಹೋಗಿ ‘ನಿಜ’ ಬಂತು. ‘ಲಗೂ’ ಹೋಗಿ ‘ಶೀಘ್ರ’ ಬಂತು. ‘ಛಲೋ’ ಅನ್ನುವುದನ್ನು ತೆಗೆದಮೇಲಂತೂ ಅರಮನೆಯಲ್ಲಿ ಯಾರಿಗೂ ಯಾರನ್ನೂ ಹೊಗಳಲು ಬರದಂತಾಯಿತು. ಎಲ್ಲರೂ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಂತೆ ಮಾತಾಡತೊಡಗಿದರು. ಕೊನೆಗೆ ಉಳಿದದ್ದು ರಾಣಿಯ ಆ ಒಂದು ಮಾತು. ಗಡಿಯಿಂದ ಗೆದ್ದು ಬಂದ ರಾಜ ಮೂರು ಪುಟ ತನ್ನ ಪರಾಕ್ರಮವನ್ನೇ ಬಣ್ಣಿಸುತ್ತಾನೆ. ರಾಣಿ ಎಲ್ಲ ಕೇಳಿಸಿಕೊಂಡು, “ಖರೇ ಹೇಳ್ರಿ, ಆ ಯುದ್ಧದಾಗ ನೀವೂ ಇದ್ರೇನು?” ಅನ್ನುತ್ತಾಳೆ. ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ ಜನ ನನ್ನನ್ನು ಗುರುತಿಸಿದ್ದೇ ಈ ಮಾತಿನಿಂದ. ಒಂದು ಗುಟ್ಟು ಹೇಳುತ್ತೇನೆ. ಅದು ನನ್ನ ಮಾತಲ್ಲ. ಗೋಪನಕೊಪ್ಪದ ಬಾಡಿಗೆ ಮನೆಯಲ್ಲಿದ್ದಾಗ ನಲ್ಲಿ ನೀರಿಗಾಗಿ ಮಾಲೀಕರ ಜೊತೆ ಜಗಳಾಡಿ ಗೆದ್ದುಬಂದೆ ಎಂದು ನಾನು ಬೀಗಿದಾಗ, ನನ್ನ ಹೆಂಡತಿ ಸುಮಿತ್ರಾ ಹೀಗೇ ಕೇಳಿದ್ದಳು: “ಖರೇ ಹೇಳ್ರಿ, ಆ ಜಗಳದಾಗ ನೀವೂ ಇದ್ರೇನು?”

ಆ ಮಾತನ್ನು ನಾನು “ನಿಜ ನುಡಿಯಿರಿ, ಸಮರದಲ್ಲಿ ತಾವೂ ಉಪಸ್ಥಿತರಿದ್ದಿರೇ?” ಎಂದು ತಿದ್ದಿದೆ. ಕರಡು ಓದುತ್ತಿದ್ದ ಸುಮಿತ್ರಾ ಆ ಪುಟದಲ್ಲಿ ನಿಂತಳು.

“ಇಕಿ ಯಾರ್ರೀ?”

“ರಾಣಿ.”

“ಮದಲಿನಾಕಿ ಎಲ್ಲಿ ಹೋದ್ಲು?”

ನಾನು ಬಿಜಾಪುರ, ಪೇಶ್ವೆ ಎಲ್ಲ ವಿವರಿಸಿದೆ. ಅವಳು ಹಾಳೆಗಳನ್ನು ಕೂಡಿಸಿಟ್ಟು, “ರಾಜ್ಯ ಉಳಿಸೀರಿ, ನನ್ನ ಮಾತು ಕಳದೀರಿ. ‘ಖರೇ’ ಅನ್ನಾಕ ಬರದಂಥಾ ಧಾರವಾಡ ಗೆದ್ದು ಏನ್ ಮಾಡ್ತೀರಿ?” ಎಂದು ಎದ್ದು ಹೋದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳ ಮಾತಿನಿಂದ ಹೆಸರು ಮಾಡಿ, ಈಗ ಅದನ್ನೇ ಹೊರಹಾಕಿದ್ದೆ.

ಎಲ್ಲ ಮಾತುಗಳನ್ನೂ ಮರಳಿ ಕರೆತಂದೆ. ಮಾಸ್ತರರ ಬಾಯಿ ಮುಚ್ಚಿಸಲು ಒಂದು ಹೊಸ ಅಧ್ಯಾಯ ಬರೆದೆ. ಅದರಲ್ಲಿ ಹತ್ತಿ ಕೊಳ್ಳಲು ಉತ್ತರದಿಂದ ವ್ಯಾಪಾರಿಗಳು ಬರುತ್ತಾರೆ. ಹತ್ತಿ ಒಯ್ಯುತ್ತಾರೆ, ಮಾತು ಬಿಟ್ಟು ಹೋಗುತ್ತಾರೆ. ಸೈನ್ಯವೇ ಬರಬೇಕೆಂದೇನಿಲ್ಲವಲ್ಲ! ಮಾಸ್ತರರು ಓದಿ, “ಇದು ಒಪ್ಪೂ ಮಾತ್ರಿ” ಎಂದರು. ಇತಿಹಾಸವನ್ನು ಎರಡನೇ ಸಲ ಸೋಲಿಸಿದ ಹೆಮ್ಮೆಯಲ್ಲಿ ನಾನು ಎರಡು ದಿನ ನೆಲದ ಮೇಲಿರಲಿಲ್ಲ.

ಕಳೆದ ವಾರ ಹೊಸ ಪ್ರತಿಗಳು ಬಂದವು. ಮೊದಲನೆಯದನ್ನು ಸುಮಿತ್ರಾಳ ಕೈಗಿತ್ತು, ಮುನ್ನುಡಿಯನ್ನು ನಾನೇ ಗಟ್ಟಿಯಾಗಿ ಓದಿದೆ: “ರಾಣಿಯ ಮಾತಿನ ಸೊಗಸು ಕೆಡದಂತೆ ನಾನು ಒಬ್ಬನೇ ಹಗಲಿರುಳು ಹೋರಾಡಿ ಈ ಪರಿಷ್ಕರಣೆಯನ್ನು ಮುಗಿಸಿದ್ದೇನೆ.” ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

“ಖರೇ ಹೇಳ್ರಿ, ಆ ಹೋರಾಟದಾಗ ನೀವೂ ಇದ್ರೇನು?”